ಅರಿವಳಿಕೆಗೆ ಎಐ: ಮೊದಲು ಕೇಳಬೇಕಾದ್ದು ಬೇರೆ ಇದೆ

ಮಾನ್ಯ ಸಂಪಾದಕರೇ,

ಕೈಕಾಲಿನ ಆಪರೇಷನ್‌ಗೆ ಪೂರ್ತಿ ನಿದ್ದೆ ಬರಿಸದೆ, ಆ ಭಾಗದ ನರಕ್ಕಷ್ಟೇ ಸೂಜಿಯಲ್ಲಿ ಮರಗಟ್ಟಿಸುವ ಮದ್ದು ಕೊಡುವುದಕ್ಕೆ ನಾವು ‘ಬ್ಲಾಕ್’ ಅನ್ನುತ್ತೇವೆ. ಅದಕ್ಕೂ ಈಗ ಎಐ ಬಂದಿದೆ. ‘ನಿಮ್ಮಲ್ಲಿ ಆ ಮೆಷಿನ್ ಉಂಟಾ?’ ಎಂದು ಕೇಳುವವರೂ ಶುರುವಾಗಿದ್ದಾರೆ. ಉಡುಪಿ ಸುತ್ತಮುತ್ತ ಅರಿವಳಿಕೆ ಕೊಡುವವಳು ನಾನು, ಹಾಗಾಗಿ ಈ ಪತ್ರ.

ಮಲ್ಪೆಯಲ್ಲಿ ಬೋಟಿನ ಬಲೆ ಎಳೆಯುವ ವಿಂಚಿಗೆ ಕೈ ಸಿಕ್ಕಿ ಬರುವವರನ್ನೇ ನೋಡಿ. ಹೊಟ್ಟೆ ತುಂಬ ಊಟ ಮಾಡಿರುತ್ತಾರೆ. ಪೂರ್ತಿ ಮಲಗಿಸಿದರೆ ಉಂಡದ್ದು ಶ್ವಾಸಕೋಶಕ್ಕೆ ಇಳಿಯುವ ಭಯ. ಅಂಥವರಿಗೆ ಬ್ಲಾಕೇ ವಾಸಿ. ಕೊರಳಮೂಳೆಯ ಮೇಲ್ಬದಿಯಲ್ಲಿ ಅಲ್ಟ್ರಾಸೌಂಡಿನ ಪ್ರೋಬ್, ಅಂದರೆ ಚರ್ಮಕ್ಕೆ ಒತ್ತಿ ಹಿಡಿಯುವ ಭಾಗ, ಇಟ್ಟರೆ, ಮಿಡಿಯುವ ರಕ್ತನಾಳದ ಪಕ್ಕ ನರಗಳು ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತವೆ. ಕೆಳಗೆ ಮೊದಲ ಪಕ್ಕೆಲುಬು, ಶ್ವಾಸಕೋಶದ ಪೊರೆ. ಎಲ್ಲವೂ ಬೂದು ಬೂದು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಸ್ಕ್ಯಾನ್‌ನ್ಯಾವ್‌ನಂಥ ಎಐ ತಂತ್ರಾಂಶ ಆ ಚಿತ್ರಕ್ಕೆ ಆ ಕ್ಷಣವೇ ಬಣ್ಣ ಹಚ್ಚಿ, ನರ ಯಾವುದು, ರಕ್ತನಾಳ ಯಾವುದು ಎಂದು ತೋರಿಸುತ್ತದೆ.

ಹೊಸಬರಿಗೆ ಇದು ದೊಡ್ಡ ಉಪಕಾರ. ಸುಮ್ನೆ ತೆಗಳುವುದಿಲ್ಲ. ಆದರೆ ಅದು ಬಣ್ಣ ಹಚ್ಚುವುದು ಶರೀರಕ್ಕೆ, ಸೂಜಿಗಲ್ಲ. ಸೂಜಿಯ ತುದಿ ಪ್ರೋಬಿನ ನೇರದಿಂದ ಚೂರು ಆಚೆ ಹೋದರೂ ಮಾಯ. ಪರದೆಯಲ್ಲಿ ಕಾಣುವುದು ಅದರ ನಡುಭಾಗ. ಅದನ್ನೇ ತುದಿ ಅಂದುಕೊಂಡು ಮುಂದೆ ತಳ್ಳಿದರೆ ಪೊರೆ ತೂತಾದೀತು. ಪ್ರೋಬನ್ನು ಜೋರಾಗಿ ಒತ್ತಿದರೆ ಅಭಿಧಮನಿ (ಹೃದಯಕ್ಕೆ ರಕ್ತ ಒಯ್ಯುವ ನಾಳ) ಚಪ್ಪಟೆಯಾಗಿ ಕಾಣದೇ ಹೋಗುತ್ತದೆ. ಚಿತ್ರದಲ್ಲೇ ಇಲ್ಲದ್ದಕ್ಕೆ ಎಐ ಬಣ್ಣ ಎಲ್ಲಿಂದ ಹಚ್ಚಬೇಕು? ಇದೆಲ್ಲ ಕೈಗೆ ಬರಬೇಕಾದ ವಿದ್ಯೆ, ಅಲ್ವಾ?

ಹಾಗಾಗಿ ಈ ತಂತ್ರಾಂಶ ಮೊದಲು ಮಂಗಳೂರು, ಮಣಿಪಾಲದ ಪಿಜಿ ವಿದ್ಯಾರ್ಥಿಗಳ ಕಲಿಕೆಗೆ ಸಿಗಲಿ. ತಾಲೂಕು ಆಸ್ಪತ್ರೆಗಳಿಗೆ ಸದ್ಯ ಒಳ್ಳೆಯ ಪ್ರೋಬು, ಅದನ್ನು ಹಿಡಿಯಬಲ್ಲ ಒಬ್ಬ ವೈದ್ಯರು ಸಾಕು.

ರೋಗಿಯ ಕಡೆಯವರು ಏನಾದರೂ ಕೇಳಲೇಬೇಕು ಅಂತಿದ್ದರೆ, ‘20% ಲಿಪಿಡ್ ಇಮಲ್ಷನ್ ಉಂಟಾ?’ ಎಂದು ಕೇಳಲಿ. ಹಾಲಿನಷ್ಟು ಬಿಳಿಯ ಬಾಟಲಿ ಅದು. ಮರಗಟ್ಟಿಸುವ ಮದ್ದು ರಕ್ತಕ್ಕೆ ಸೇರಿ ಫಿಟ್ಸ್ ಬಂದರೆ, ಹೃದಯದ ಬಡಿತ ಹದ ತಪ್ಪಿದರೆ ಕೊಡುವುದು ಅದನ್ನೇ. ಬ್ಲಾಕ್ ಕೊಡುವ ಕೋಣೆಯಲ್ಲೇ ಇರಬೇಕು. ಆ ಹೊತ್ತಿಗೆ ಚೀಟಿ ಬರೆದು ಮೆಡಿಕಲ್‌ಗೆ ಓಡಿಸುವ ಹಾಗಿರಬಾರದು.

– ಒಬ್ಬ ಅರಿವಳಿಕೆ ವೈದ್ಯೆ, ಉಡುಪಿ