ವಿಷಯ ಆರಿಸುವ ಹೊತ್ತಿನಲ್ಲೇ ಉದ್ಯೋಗದ ಮಾಹಿತಿ ಸಿಗಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶದ ಬಳಿಕ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಪ್ರವೇಶ ಪ್ರಕ್ರಿಯೆ ಆರಂಭವಾಗುತ್ತದೆ. ಹಳ್ಳಿಯ ವಿದ್ಯಾರ್ಥಿಗಳಲ್ಲಿ ಅನೇಕರು ಸೈಬರ್ ಸೆಂಟರ್‌ನಲ್ಲಿ ಕುಳಿತು ರಾಜ್ಯದ ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ತುಂಬುವಾಗ, ಗೆಳೆಯರು ಯಾವ ಕಾಂಬಿನೇಶನ್ ತೆಗೆದುಕೊಂಡಿದ್ದಾರೋ ಅದನ್ನೇ ತಾವೂ ಆರಿಸಿಕೊಳ್ಳುತ್ತಾರೆ. ಆ ಆಯ್ಕೆಯಿಂದ ಮುಂದೆ ಯಾವ ಹುದ್ದೆಗಳಿಗೆ ಅರ್ಹತೆ ದೊರೆಯುತ್ತದೆ, ಯಾವುದು ಕೈತಪ್ಪುತ್ತದೆ ಎಂಬುದನ್ನು ಆ ಹೊತ್ತಿನಲ್ಲಿ ಹೇಳುವವರು ಯಾರೂ ಇರುವುದಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ, ಮನೆಯ ಹಿರಿಯ ಅಣ್ಣ-ಅಕ್ಕಂದಿರ ಸಲಹೆಯೂ ಪೂರ್ತಿ ಅನ್ವಯಿಸುವುದಿಲ್ಲ.

ಕೈತಪ್ಪುವುದು ಹೇಗೆ ಎಂಬುದಕ್ಕೆ ಸಂಖ್ಯಾಶಾಸ್ತ್ರವೇ ಸಾಕ್ಷಿ. ಸಿಬ್ಬಂದಿ ನೇಮಕಾತಿ ಆಯೋಗದ ಪದವೀಧರರ ಪರೀಕ್ಷೆಯಲ್ಲಿ ಸ್ಟ್ಯಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಹುದ್ದೆಗೆ ಪದವಿಯ ಮೂರೂ ವರ್ಷ ಸಂಖ್ಯಾಶಾಸ್ತ್ರ ಓದಿರಬೇಕು. ಗಣಿತದಲ್ಲಿ ಎಷ್ಟೇ ಚುರುಕಾಗಿದ್ದರೂ, ಮೊದಲ ವರ್ಷ ಆ ವಿಷಯವನ್ನು ಬಿಟ್ಟವರಿಗೆ ಆ ಹುದ್ದೆ ಮುಗಿದಂತೆ. ಇದಕ್ಕೆ ವ್ಯತಿರಿಕ್ತವಾಗಿ, ಬಿಎಸ್ಸಿ ಓದಿದವರು ಲೆಕ್ಕಪರಿಶೋಧಕರು (ಸಿಎ) ಆಗಲಾರರು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಾಸ್ತವದಲ್ಲಿ ಶೇ 55 ಅಂಕ ಪಡೆದ ವಾಣಿಜ್ಯ ಪದವೀಧರರಂತೆಯೇ, ಶೇ 60 ಅಂಕ ಪಡೆದ ಇತರ ಪದವೀಧರರೂ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು.

ನಾನು ರಸಾಯನಶಾಸ್ತ್ರ ಕಲಿಸಿದವನಾದ್ದರಿಂದ ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಮಾತನ್ನು ತುಸು ವಿವರವಾಗಿ ಹೇಳಬೇಕಾಗಿದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಆ ಬಣ್ಣವನ್ನು ಬೆಳಕು ಹೀರುವ ಪ್ರಮಾಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆದು ಬಣ್ಣದ ಗಾಢತೆ ತಿಳಿಸುವ 'ಆಸ್ಟಾ' ಮಾನದಲ್ಲಿ ನಮೂದಿಸುತ್ತಾರೆ. ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ಆಹಾರ ಮತ್ತು ಸೌಂದರ್ಯವರ್ಧಕಗಳ ತಯಾರಿಕೆಗೆ ಹೋಗುತ್ತದೆ. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಐರೋಪ್ಯ ಒಕ್ಕೂಟ ಇದಕ್ಕೆ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ ಮಿತಿ ವಿಧಿಸಿರುವುದರಿಂದ ರಫ್ತಿಗೆ ಮೊದಲು ಪರೀಕ್ಷೆ ಮಾಡಿಸದೆ ಗತ್ಯಂತರವಿಲ್ಲ. ಈ ಕೆಲಸಗಳ ಹಿಂದಿರುವುದು ನಾವು ಪದವಿ ತರಗತಿಯಲ್ಲಿ ಕಲಿಸುವ ರಸಾಯನಶಾಸ್ತ್ರ ಮತ್ತು ಸೂಕ್ಷ್ಮಜೀವಶಾಸ್ತ್ರವೇ. ಆದರೆ ಮಾರುಕಟ್ಟೆಯ ಪಕ್ಕದಲ್ಲೇ ಬೆಳೆದ ಹುಡುಗರಿಗೆ ತಾವು ಪ್ರಯೋಗಾಲಯದಲ್ಲಿ ಮಾಡುವ ಟೈಟ್ರೇಶನ್‌ಗೂ ಆ ಮಾರುಕಟ್ಟೆಗೂ ಸಂಬಂಧವಿದೆಯೆಂದು ಯಾರೂ ತೋರಿಸಿಕೊಡುವುದಿಲ್ಲ. ಇಲ್ಲಿಯೂ ನಿಯಮದ ಸೂಕ್ಷ್ಮವೊಂದಿದೆ: ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಸೂಕ್ಷ್ಮಜೀವಶಾಸ್ತ್ರ ಅಥವಾ ಜೀವರಸಾಯನಶಾಸ್ತ್ರದ ಪದವಿ ಸಾಕು, ರಸಾಯನಶಾಸ್ತ್ರದವರಿಗೆ ಮಾತ್ರ ಸ್ನಾತಕೋತ್ತರ ಪದವಿ ಬೇಕು.

ಇಂಥ ಮಾಹಿತಿ ಇಲ್ಲದ್ದರಿಂದಲೇ, ಪದವಿ ಮುಗಿಸಿದ ಅನೇಕರು ಯಾವ ವಿಷಯ ಓದಿದ್ದರೂ ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳತ್ತ ಮುಖ ಮಾಡುತ್ತಾರೆ. ಎಫ್‌ಡಿಎ, ಪಿಎಸ್‌ಐ, ಪಿಡಿಒದಂಥ ಸರ್ಕಾರಿ ಹುದ್ದೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆ ಪರೀಕ್ಷೆಗಳನ್ನು ಬರೆಯುವವರ ಶ್ರಮದ ಬಗ್ಗೆ ನನಗೆ ಗೌರವವೇ ಇದೆ. ಆದರೆ ಮೂರು ವರ್ಷ ಓದಿದ ವಿಷಯವನ್ನು ಪೂರ್ತಿ ಬದಿಗಿಟ್ಟು, ಮತ್ತೆ ಸಾಮಾನ್ಯ ಜ್ಞಾನದಿಂದ ಆರಂಭಿಸಿ ವರ್ಷಗಟ್ಟಲೆ ಬಾಡಿಗೆ ಕೋಣೆಯಲ್ಲಿ ಕಾಯುವುದೊಂದೇ ದಾರಿಯೆಂದು ಅವರು ತಿಳಿದಿದ್ದರೆ, ಆ ಹೊಣೆಯಲ್ಲಿ ಕಾಲೇಜಿನವರಾದ ನಮ್ಮ ಪಾಲೂ ಇದೆ.

ಕಾನೂನಿನ ಮಾತಿಗೆ ಬಂದರೆ, ಹುಬ್ಬಳ್ಳಿಯ ನವನಗರದಲ್ಲೇ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ. ಇತಿಹಾಸ, ರಾಜ್ಯಶಾಸ್ತ್ರ ಓದಿದವರು ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬಹುದೆಂಬುದು ಬಹುತೇಕರಿಗೆ ಗೊತ್ತಿದೆ. ಉಳಿದ ದಾರಿಗಳ ಬಗೆಗೂ ಇಷ್ಟೇ ತಿಳಿವಳಿಕೆ ಮೂಡಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಪ್ರತಿ ಕಾಲೇಜು ತಾನು ಕೊಡುವ ಒಂದೊಂದು ಕಾಂಬಿನೇಶನ್‌ಗೂ ಒಂದು ಪುಟದ ಕನ್ನಡ ಮಾಹಿತಿ ಪತ್ರ ಸಿದ್ಧಪಡಿಸಲಿ. ಆ ವಿಷಯಗಳಿಂದ ಅರ್ಹತೆ ಸಿಗುವ ಹುದ್ದೆಗಳು, ಶಿಕ್ಷಕರ ನೇಮಕಾತಿಯಲ್ಲಿ ಅವುಗಳ ಸ್ಥಾನ, ಹಿಂದಿನ ಐದು ವರ್ಷಗಳಲ್ಲಿ ಅಲ್ಲಿಂದ ಹೊರಬಂದವರು ಈಗ ಮಾಡುತ್ತಿರುವ ಕೆಲಸ ಅದರಲ್ಲಿರಲಿ. ಕೆಲಸ ಸಿಗದವರ ಸಂಖ್ಯೆಯನ್ನೂ ಮುಚ್ಚಿಡಬಾರದು. ಪ್ಲೇಸ್‌ಮೆಂಟ್ ಸೆಲ್ ಅಂತಿಮ ವರ್ಷದಲ್ಲಿ ಬ್ಯಾನರ್ ಕಟ್ಟುವ ಬದಲು ಪ್ರವೇಶದ ದಿನಗಳಲ್ಲೇ ಕೌಂಟರಿನ ಪಕ್ಕ ಒಂದು ಮೇಜು ಹಾಕಿ, ಆಯಾ ವಿಭಾಗದ ಅಧ್ಯಾಪಕರನ್ನು ಸರದಿಯಂತೆ ಕೂರಿಸಿದರೆ ಹೆಚ್ಚಿನ ಖರ್ಚೇನೂ ಬಾರದು. ಕಾಲೇಜು ಶಿಕ್ಷಣ ಇಲಾಖೆ ಮುಂದಿನ ಪ್ರವೇಶ ಪ್ರಕಟಣೆಗೆ ಮೊದಲೇ ಈ ಬಗ್ಗೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಹಾವೇರಿ