ಕನಿಷ್ಠ ದರ ಕೇಳುವ ಮೊದಲು

ಹುಬ್ಬಳ್ಳಿ

ಚಿರಂಜೀವಿ ತಮ್ಮನಿಗೆ ಅತ್ತಿಯ ಅನೇಕ ಆಶೀರ್ವಾದಗಳು.

ಬ್ಯಾಡಗಿಯ ದಲಾಲಿ ಅಂಗಡಿಯವರ ಸಲುವಾಗಿ ಮೆಣಸಿನಕಾಯಿಯ ದಿನದ ದರ ತೋರಿಸುವ ಆ್ಯಪ್ ಮಾಡುತ್ತಿದ್ದೀ ಎಂದು ನಿಮ್ಮಪ್ಪ ಹೇಳಿದ. ಕೇಳಿ ಭಾಳ ಖುಷಿಯಾಯಿತು. ನೀನು ಕಳಿಸಿದ ಕ್ವೆರಿಯನ್ನೂ, ಅಂದರೆ ಮಾಹಿತಿ ಕೇಳುವ ಆದೇಶವನ್ನೂ, ಓದಿದೆ. ಮಾಹಿತಿ ಕೂಡಿಡುವ ಮೊಂಗೋಡಿಬಿ ಡೇಟಾಬೇಸಿನಲ್ಲಿ ನಮೂದುಗಳನ್ನು ಗುಂಪು ಮಾಡುವ ಗ್ರೂಪ್ ಹಂತ ಹಾಕಿ, ಅದರೊಳಗೆ ಅತಿ ಚಿಕ್ಕದನ್ನು ಹುಡುಕುವ ಮಿನ್ ಬರೆದು ಕನಿಷ್ಠ ದರ ತೆಗೆದಿದ್ದೀ. ಅದು ಓಡುತ್ತದೆ, ಉತ್ತರವನ್ನೂ ಕೊಡುತ್ತದೆ. ಆದರೆ ಆ ಉತ್ತರವನ್ನು ಹಾಗೇ ರೈತರ ಮುಂದೆ ಇಡಬೇಡ.

ಸರಾಸರಿ ತೆಗೆಯುವಾಗ ಒಂದು ತಪ್ಪು ನಮೂದು ಸಾವಿರ ಸರಿ ನಮೂದುಗಳ ನಡುವೆ ಕರಗಿಹೋಗುತ್ತದೆ. ಕನಿಷ್ಠ ತೆಗೆಯುವಾಗ ಹಾಗಲ್ಲ. ಒಂದೇ ಒಂದು ಡಾಕ್ಯುಮೆಂಟ್, ಅಂದರೆ ಒಂದು ನಮೂದು, ಇಡೀ ದಿನದ ಪರವಾಗಿ ಮಾತಾಡುತ್ತದೆ. ಅವಸರದಲ್ಲಿ ಯಾರೋ ಸೊನ್ನೆ ಒತ್ತಿದ್ದರೆ, ಕ್ವಿಂಟಲ್ ದರದ ಜಾಗದಲ್ಲಿ ಕಿಲೋ ದರ ಬರೆದಿದ್ದರೆ, ನಿನ್ನ ಪರದೆಯ ಮೇಲೆ ಬರುವುದು ಅದೇ. ಕುಂದಗೋಳದಲ್ಲೋ ಗದಗದಲ್ಲೋ ಕೂತ ರೈತ ಆ ಅಂಕಿ ನೋಡಿ ಚೀಲಗಳನ್ನು ಪೇಟೆಗೆ ಹೊರಡಿಸಬೇಕೋ, ಕೋಲ್ಡ್ ಸ್ಟೋರೇಜಿಗೆ ಹಾಕಬೇಕೋ ಎಂದು ತೀರ್ಮಾನ ಮಾಡುತ್ತಾನೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲು ದರದ ಫೀಲ್ಡಿನಲ್ಲಿ, ಅಂದರೆ ನಮೂದಿನಲ್ಲಿ ದರ ಬರೆಯುವ ಜಾಗದಲ್ಲಿ, ಏನೇನಿದೆ ನೋಡು. ನಿನ್ನ ಮಾಹಿತಿ ಒಂದಿಷ್ಟು ಎಕ್ಸೆಲ್ ಹಾಳೆಗಳಿಂದ ಬಂದದ್ದು, ಒಂದಿಷ್ಟು ಮೊಬೈಲ್ ಫಾರ್ಮ್‌ನಿಂದ ಬಂದದ್ದು. ಕೆಲವು ದರ ಸಂಖ್ಯೆಯಾಗಿ ಕೂತಿರುತ್ತವೆ, ಕೆಲವು ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ. ಎಲ್ಲವೂ ಸ್ಟ್ರಿಂಗ್ ಆಗಿದ್ದರೆ ಹೋಲಿಕೆ ಒಂದೊಂದೇ ಅಕ್ಷರದ್ದು; 9500 ಮತ್ತು 12000ರಲ್ಲಿ 12000 ಚಿಕ್ಕದಾಗಿಬಿಡುತ್ತದೆ, ಏಕೆಂದರೆ 1 ಎಂಬುದು 9ಕ್ಕಿಂತ ಮುಂಚೆ ಬರುತ್ತದೆ. ಎರಡೂ ಬೆರೆತಿದ್ದರೆ ಇನ್ನೂ ಕಷ್ಟ. ಮೊಂಗೋಡಿಬಿಯ ಕ್ರಮದಲ್ಲಿ ಯಾವ ಸಂಖ್ಯೆಯಾದರೂ ಯಾವ ಸ್ಟ್ರಿಂಗಿಗಿಂತಲೂ ಚಿಕ್ಕದು. ಹೀಗಾಗಿ ಸ್ಟ್ರಿಂಗ್ ಆಗಿ ಕೂತ 2500, ಸಂಖ್ಯೆಯಾಗಿ ಕೂತ 9500ರ ಎದುರು ಕನಿಷ್ಠ ಆಗುವುದೇ ಇಲ್ಲ. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಮೊಂಗೋಡಿಬಿಯ 4.0 ಆವೃತ್ತಿಯಿಂದ, ಸ್ಟ್ರಿಂಗನ್ನು ಸಂಖ್ಯೆಯಾಗಿ ಬದಲಿಸಲು ಕನ್ವರ್ಟ್ ಇದೆ. ಪರಿವರ್ತನೆ ಆಗದಿದ್ದರೆ ಏನು ಮಾಡಬೇಕೆಂಬುದನ್ನೂ ಅದರೊಳಗೇ ಹೇಳಬಹುದು.

ಖಾಲಿ ದರದ ವಿಚಾರ ಬೇರೆ. ಗ್ರೂಪ್ ಒಳಗಿನ ಮಿನ್, ಏನೂ ಇಲ್ಲ ಎಂಬ ಗುರುತಾದ ನಲ್ ಇದ್ದವನ್ನೂ ಫೀಲ್ಡೇ ಇಲ್ಲದವನ್ನೂ ಬಿಟ್ಟು ಉಳಿದವುಗಳಲ್ಲಿ ಚಿಕ್ಕದನ್ನು ಕೊಡುತ್ತದೆ. ಎಲ್ಲವೂ ಖಾಲಿಯಿದ್ದರೆ ಮಾತ್ರ ನಲ್. ಅದೇ ಕೆಲಸವನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಸಾರ್ಟ್ ಮತ್ತು ಮೊದಲನೆಯದನ್ನಷ್ಟೇ ಕೊಡುವ ಲಿಮಿಟ್ 1ರಿಂದ ಮಾಡಿದರೆ ಖಾಲಿ ಡಾಕ್ಯುಮೆಂಟೇ ಮೊದಲು ಬರುತ್ತದೆ. ಎರಡೂ ಒಂದೇ ಎಂದುಕೊಂಡು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವವರು ಇಲ್ಲೇ ಎಡವುತ್ತಾರೆ. ಆರಂಭದಲ್ಲೇ, ಬೇಕಾದ ನಮೂದುಗಳನ್ನಷ್ಟೇ ಒಳಬಿಡುವ ಮ್ಯಾಚ್ ಹಂತದಲ್ಲಿ, ದರ 0ಗಿಂತ ಹೆಚ್ಚು ಎಂದು ಷರತ್ತು ಹಾಕಿಬಿಡು. ನಲ್, ಸೊನ್ನೆ, ಸಂಖ್ಯೆಯಾಗಿ ಬದಲಾಗದೆ ಉಳಿದ ಸ್ಟ್ರಿಂಗ್ ಎಲ್ಲವೂ ಹೊರಗುಳಿಯುತ್ತವೆ. ಆದರೆ ಹೊರಗುಳಿದವು ಎಷ್ಟು ಎಂಬುದು ನಿನಗೆ ಗೊತ್ತಿರಲೇಬೇಕು. ಸದ್ದಿಲ್ಲದೆ ಬಿಟ್ಟುಹೋದ ನಮೂದೂ ಒಬ್ಬ ರೈತನ ಚೀಲವೇ ಅಲ್ಲವೇ?

ನಿನ್ನ ಕ್ವೆರಿಯಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ಟೆಂಡರ್ ದರಗಳ ಅರೇ, ಅಂದರೆ ಪಟ್ಟಿ. ಒಂದು ಲಾಟಿಗೆ, ಅಂದರೆ ಒಟ್ಟಿಗೆ ಮಾರಾಟಕ್ಕಿಟ್ಟ ರಾಶಿಗೆ, ಹಲವು ಖರೀದಿದಾರರು ದರ ಬರೆಯುತ್ತಾರೆ, ಅವೆಲ್ಲವನ್ನೂ ಒಂದೇ ಅರೇಯಲ್ಲಿ ಇಟ್ಟಿದ್ದೀ. ಗ್ರೂಪ್ ಒಳಗಿನ ಮಿನ್ ಅರೇಯ ಒಳಹೊಕ್ಕು ನೋಡುವುದಿಲ್ಲ, ಇಡೀ ಅರೇಯನ್ನೇ ಒಂದು ಮೌಲ್ಯವೆಂದು ಹೋಲಿಸುತ್ತದೆ. ಅನ್‌ವೈಂಡ್ ಮಾಡಿ ಅರೇಯನ್ನು ಬಿಡಿಬಿಡಿ ನಮೂದುಗಳಾಗಿ ಒಡೆದರೆ ಸರಿಹೋಗುತ್ತದೆ ಎಂದುಕೊಳ್ಳಬೇಡ. ಲಾಟ್ ಮಾರಾಟವಾಗುವುದು ಅತಿ ಹೆಚ್ಚು ಬರೆದವನಿಗೆ. ಎಲ್ಲ ಟೆಂಡರ್‌ಗಳಲ್ಲಿ ಚಿಕ್ಕದನ್ನು ತೆಗೆದರೆ ಯಾರೂ ಆ ಬೆಲೆಗೆ ಮಾರದ ದರವೇ ಪೇಟೆಯ ಕನಿಷ್ಠ ದರ ಎಂದು ಬೋರ್ಡಿಗೆ ಏರುತ್ತದೆ. ಮೊದಲು, ನಮೂದಿನ ರೂಪ ಬದಲಿಸುವ ಪ್ರಾಜೆಕ್ಟ್ ಹಂತದಲ್ಲಿ ಪ್ರತಿ ಲಾಟಿನ ಅರೇಗೆ ಅತಿ ದೊಡ್ಡದನ್ನು ಕೊಡುವ ಮ್ಯಾಕ್ಸ್ ಹಾಕು. ಅಲ್ಲಿ ಅದು ಅರೇಯ ಒಳಹೊಗುತ್ತದೆ. ಆಮೇಲೆ ಗ್ರೂಪ್‌ನಲ್ಲಿ ಆ ಮಾರಾಟ ದರಗಳ ಮಿನ್ ತೆಗೆ. ಟೆಂಡರ್ ಒಪ್ಪದೆ ರೈತ ವಾಪಸ್ ಒಯ್ದ ಲಾಟ್‌ಗಳನ್ನು ಮ್ಯಾಚ್‌ನಲ್ಲೇ ಬಿಡು.

ಇನ್ನೊಂದು ಮಾತು. ಬ್ಯಾಡಗಿಯ ಡಬ್ಬಿ, ಕಡ್ಡಿ ಮತ್ತು ಗುಂಟೂರು, ಮೂರೂ ತಳಿಗಳನ್ನು ಒಂದೇ ಗುಂಪಿಗೆ ಸೇರಿಸಿದ್ದೀ. 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕ ಬ್ಯಾಡಗಿ ಕಾಯಿಯನ್ನೂ ಗುಂಟೂರು ತಳಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಆ ಕನಿಷ್ಠ ದರ ಯಾವ ಕಾಯಿಯದು? ಗ್ರೂಪ್‌ನ ಐಡಿಯಲ್ಲಿ, ಅಂದರೆ ಯಾವುದರ ಮೇಲೆ ಗುಂಪು ಮಾಡಬೇಕೆಂದು ಹೇಳುವ ಜಾಗದಲ್ಲಿ, ತಳಿಯೂ ದಿನಾಂಕವೂ ಇರಲಿ. ತಳಿ ಒಂದೇ ಆದರೂ ತೇವ ಹೆಚ್ಚಿದ್ದ ಲಾಟ್, ಬಣ್ಣ ಹೋಗಿ ಬಿಳಿಚಿಕೊಂಡ ಲಾಟ್ ಕಡಿಮೆಗೇ ಹೋಗುತ್ತವೆ. ಅಂಥ ದರ ಸುಳ್ಳಲ್ಲ, ಆದರೆ ಯಾವ ಲಾಟಿನದು ಎಂದು ತಿಳಿಯದೆ ಓದಿದವನಿಗೆ ಮೋಸವಾದಂತೆ. ಮಿನ್ ಬರೀ ಅಂಕಿ ಕೊಡುತ್ತದೆ, ಡಾಕ್ಯುಮೆಂಟ್ ಕೊಡುವುದಿಲ್ಲ. ದರದ ಮೇಲೆ ಸಾರ್ಟ್ ಮಾಡಿ ಗ್ರೂಪ್‌ನಲ್ಲಿ ಮೊದಲ ನಮೂದನ್ನು ಕೊಡುವ ಫಸ್ಟ್ ಬಳಸು. ನಿನ್ನ ಆವೃತ್ತಿ 5.2 ಅಥವಾ ಅದರ ಮೇಲಿನದಾದರೆ ಟಾಪ್ ಇದೆ; ಸಾರ್ಟ್, ಫಸ್ಟ್ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ, ಇನ್ನೂ ಸಲೀಸು. ಲಾಟ್ ಸಂಖ್ಯೆ, ತೂಕ, ತೇವಾಂಶ ದರದ ಜೊತೆಗೇ ಬರುತ್ತವೆ.

ವ್ಯಾಪಾರವೇ ಇಲ್ಲದ ದಿನ ಗ್ರೂಪ್ ಏನನ್ನೂ ಹಿಂತಿರುಗಿಸುವುದಿಲ್ಲ, ನಲ್ ಕೂಡ ಇಲ್ಲ. ಆಗ ಪರದೆಯ ಮೇಲೆ 0 ತೋರಿಸಬೇಡ, ವ್ಯಾಪಾರ ನಡೆದಿಲ್ಲ ಎಂದೇ ಬರೆ.

ವೇಗದ ಚಿಂತೆ ಈಗಲೇ ಬೇಡ. ಮ್ಯಾಚ್ ಮೊದಲಿರಲಿ, ದಿನಾಂಕ ಮತ್ತು ತಳಿಯ ಮೇಲೆ ಬೇಗ ಹುಡುಕಲು ಒಂದು ಇಂಡೆಕ್ಸ್ ಇರಲಿ, ಸದ್ಯಕ್ಕೆ ಸಾಕು. ಅದಕ್ಕಿಂತ ಮುಖ್ಯವಾದದ್ದು ವ್ಯಾಲಿಡೇಶನ್. ದರ ಸಂಖ್ಯೆಯೇ ಆಗಿರಬೇಕು, ಇಂತಿಷ್ಟಕ್ಕಿಂತ ಕಡಿಮೆ ಇರಬಾರದು ಎಂದು ನಮೂದುಗಳೆಲ್ಲ ಕೂಡಿರುವ ಕಲೆಕ್ಷನ್‌ಗೇ ನಿಯಮ ಹಾಕು. ಆ ನಿಯಮ ಹೊಸ ತಪ್ಪು ನಮೂದುಗಳನ್ನು ತಡೆಯುತ್ತದೆ, ಹಳೆಯವನ್ನು ತಾನಾಗಿ ತಿದ್ದುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡು. ದರದ ಫೀಲ್ಡಿನ ಟೈಪ್ (ಸಂಖ್ಯೆಯೋ, ಸ್ಟ್ರಿಂಗೋ, ನಲ್ಲೋ) ಮೇಲೆ ಗ್ರೂಪ್ ಮಾಡಿ, ಪ್ರತಿಯೊಂದು ಎಷ್ಟಿವೆ ಎಂದು ಎಣಿಸಿ ನನಗೆ ಕಳಿಸು. ಜೊತೆಗೆ ಪ್ರತಿ ತಳಿಯ ಅತಿ ಕಡಿಮೆ ದರದ ಹತ್ತು ಲಾಟ್‌ಗಳ ಪಟ್ಟಿ ತೆಗೆದು ದಲಾಲಿ ಅಂಗಡಿಯ ಹಿರಿಯ ಗುಮಾಸ್ತರ ಮುಂದೆ ಇಡು. ಯಾವುದು ನಿಜವಾದ ದರ, ಯಾವುದು ಬೆರಳು ಜಾರಿದ್ದು ಎಂದು ಅವರು ನೋಡಿದ ಕೂಡಲೇ ಹೇಳುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಂಡು ಬಾ, ಮ್ಯಾಚ್‌ನ ಷರತ್ತುಗಳನ್ನು ಕೂಡಿ ಬರೆಯೋಣ.

ಅಣ್ಣನಿಗೂ ವೈನಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ
ಅತ್ತಿ