ಅಲೆದಾಟವೂ ಓದೇ

ಮಾನ್ಯ ಸಂಪಾದಕರೇ,

ಮಗಳಿಗೆ ನಾವು ಮನೆಯಲ್ಲೇ ಕಲಿಸುತ್ತಿದ್ದೇವೆ. ‘ಹೀಗೆ ಸುಮ್ನೆ ಹೊರಗೆ ಅಲೆದರೆ ಓದು ಯಾವಾಗ?’ ಎಂದು ಹಲವರು ಕೇಳುತ್ತಾರೆ. ಅಲೆದಾಟವೂ ಓದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಉಷ್ಣವಲಯದಲ್ಲಿ ಒಂದು ಮರದ ಕೆಳಗೆ ನಿಂತರೂ ನೋಡಲು ಬೇಕಾದಷ್ಟಿದೆ. ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಕಾಣುವ ಕೆಂಜಿಗ ಇರುವೆಗಳನ್ನೇ ತೆಗೆದುಕೊಳ್ಳಿ. ಒಂದರ ಸೊಂಟವನ್ನು ಇನ್ನೊಂದು ಹಿಡಿದು, ಸರಪಳಿಯಾಗಿ ಎಲೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಬೇರೆ ಕೆಲವು ತಮ್ಮ ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತರುತ್ತವೆ. ಆ ಹುಳು ಬಿಡುವ ರೇಷ್ಮೆ ಎಳೆಯಿಂದಲೇ ಎಲೆಗಳನ್ನು ಹೊಲಿಯುತ್ತವೆ. ಬೆಳೆದ ಇರುವೆಗೆ ಆ ನೂಲು ತೆಗೆಯಲು ಬರುವುದಿಲ್ಲ! ಇದನ್ನು ಕಣ್ಣಾರೆ ಕಂಡ ಮಗು ಕೇಳುವ ಪ್ರಶ್ನೆಗಳಿಗೆ ನಾವೂ ಪುಸ್ತಕ ಬಿಚ್ಚಬೇಕಾಗುತ್ತದೆ. ಹಾರ್ನ್‌ಬಿಲ್ ಹಕ್ಕಿಯದೂ ಹಾಗೆಯೇ. ಗೂಡು ಮಾಡುವಾಗ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಉಳಿದ ಸಣ್ಣ ಸಂದಿಯಿಂದ ಗಂಡು ಆಹಾರ ಕೊಡುತ್ತದೆ.

ಹಾವಿನ ಭಯ ನಮಗೂ ಇದೆ. ಅದಕ್ಕೇ ಕಾಣದ ಜಾಗಕ್ಕೆ ಕೈ ಹಾಕಬಾರದು, ಕಾಲಿಗೆ ಪೂರ್ತಿ ಮುಚ್ಚುವ ಬೂಟು ಬೇಕು, ಹಾವು ಕಂಡರೆ ನಿಧಾನವಾಗಿ ಹಿಂದೆ ಸರಿಯಬೇಕು ಎಂದು ಮೊದಲೇ ಕಲಿಸಿದ್ದೇವೆ. ಗೂಡನ್ನು ಮುಟ್ಟುವಂತಿಲ್ಲ, ಯಾವ ಜೀವಿಯನ್ನೂ ಮನೆಗೆ ತರುವಂತಿಲ್ಲ. ಹೆದರಿಸಿ ಒಳಗೆ ಕೂರಿಸುವುದಕ್ಕಿಂತ ಇದು ಒಳ್ಳೆಯದಲ್ವಾ?

ಒಂದು ಕೋರಿಕೆ. ಪ್ರಕೃತಿ ಶಿಬಿರ ನಡೆಸುವವರು ಶಾಲಾ ಗುಂಪುಗಳ ಜತೆ ಮನೆಯಲ್ಲಿ ಕಲಿಯುವ ಮಕ್ಕಳನ್ನೂ ಸೇರಿಸಿಕೊಳ್ಳಲಿ. ಕೀಟ, ಹಕ್ಕಿ, ಕಪ್ಪೆಗಳನ್ನು ಪರಿಚಯಿಸುವ ಮಕ್ಕಳ ಅಂಕಣವೊಂದನ್ನು ನಿಮ್ಮ ಪತ್ರಿಕೆಯೂ ಆರಂಭಿಸಲಿ.

– ಒಬ್ಬ ತಾಯಿ